ಗೌಡರ ವಿಮಾನದ ಕಡಾಣಿ

ಹಿರೋಳ್ಳಿ ನಾಕಾ

ಪರದೇಶ ಮುಂಬಯಿ ಬಂದರಿನಲ್ಲಿ ಶುರುವಾಗುತ್ತದೆ ಎಂದು ಎಲ್ಲರೂ ಬರೆಯುತ್ತಾರೆ. ನಮ್ಮದು ಹಿರೋಳ್ಳಿಯಲ್ಲೇ ಶುರುವಾಯಿತು. ಈಚೆ ನಿಜಾಮರ ರಾಜ್ಯ, ಆಚೆ ಇಂಗ್ಲಿಷರದು. ನಡುವೆ ಒಂದು ಅಡ್ಡಗೋಲು, ಒಂದು ಬೇವಿನ ಗಿಡ, ಗಿಡದ ಕೆಳಗೆ ಹೊರಸಿನ ಮೇಲೆ ಕೂತ ನಾಕಾದ ಜವಾನ. ಎರಡನೇ ದೊಡ್ಡ ಯುದ್ಧ ಶುರುವಾಗುವುದಕ್ಕೆ ಮೂರು ನಾಲ್ಕು ವರ್ಷ ಮುಂಚಿನ ಮಾತಿದು.

ನಾನು ಅಂದೋಲಾದ ಬಡಿಗೇರ ಮೋನಪ್ಪ. ನಮ್ಮದು ಬಂಡಿ, ಕೂರಿಗೆ, ಬಾಗಿಲು ಮಾಡುವ ಮನೆತನ. ಮಠದ ಸಾಲೆಯಲ್ಲಿ ಕನ್ನಡ ಕಲಿತೆ, ಸರ್ಕಾರಿ ಸಾಲೆಯಲ್ಲಿ ಉರ್ದು ಕಲಿತೆ, ಇಂಗ್ಲಿಷು ಮಾತ್ರ ನಾಲ್ಕಾರು ಶಬ್ದಕ್ಕೇ ನಿಂತಿತು. ಇಂಥವನನ್ನು ವಿಲಾಯತಿಗೆ ಕರೆದುಕೊಂಡು ಹೊರಟವರು ಚನ್ನಬಸಪ್ಪಗೌಡರು. ಅಫಜಲಪುರದ ಕಡೆ, ಭೀಮಾ ದಂಡೆಯಲ್ಲಿ ಅವರ ಊರು. ವಯಸ್ಸು ಇಪ್ಪತ್ತೆಂಟು, ಹೊಲ ಕಣ್ಣು ಹಾಯಿಸಿದಷ್ಟು, ತಂದೆ ಇಲ್ಲ, ತಾಯಿಗೆ ಒಬ್ಬನೇ ಮಗ. ಕುದುರೆ ಆಯಿತು, ಮೋಟರು ಆಯಿತು, ಮುಂಬಯಿಯ ಕ್ಲಬ್ಬಿನಲ್ಲಿ ವಿಮಾನ ಹಾರಿಸುವುದೂ ಆಯಿತು. ಅಷ್ಟಕ್ಕೆ ಸುಮ್ಮನಾಗುವ ಜೀವವಲ್ಲ. ಇಂಗ್ಲೆಂಡಿನಲ್ಲಿ ಸಾಹುಕಾರ ಮಂದಿ ತಮ್ಮ ಮನೆಯ ಹಿತ್ತಲಲ್ಲೇ ಕಟ್ಟಿಗೆ, ಬಟ್ಟೆ, ಮೋಟರ್ ಸೈಕಲ್ಲಿನ ಎಂಜಿನ್ ಸೇರಿಸಿ ವಿಮಾನ ಕಟ್ಟುತ್ತಾರೆ ಎಂದು ಯಾವುದೋ ಮಾಸಪತ್ರಿಕೆಯಲ್ಲಿ ಓದಿದ್ದರು. ಅಲ್ಲಿ ಹೋಗಿ ಒಂದು ಕಟ್ಟುವುದು, ಹಾರಿಸಿ ನೋಡುವುದು, ಬಿಚ್ಚಿ ಪೆಟ್ಟಿಗೆಯಲ್ಲಿ ತುಂಬಿ ಊರಿಗೆ ತರುವುದು. ಇದು ಅವರ ಯೋಜನೆ. ಅದಕ್ಕೆ ಬಡಿಗನಾಗಿ ನಾನು.

ಆಳಂದದಲ್ಲಿ ಗೌಡರ ಸೋದರಮಾವನ ಮನೆ. ಅಲ್ಲಿಯವರೆಗೆ ಅವರ ತಾಯಿ ಜೊತೆಗೆ ಬಂದಿದ್ದರು. ಹೊರಡುವ ಮುಂಜಾನೆ ನನ್ನನ್ನು ಪಡಸಾಲೆಯ ಕಂಬದ ಹತ್ತಿರ ಕರೆದರು.

"ಮೋನಪ್ಪಾ, ಅಂವ ಮ್ಯಾಲ ಹೋಗಾಂವ, ನೀ ಕೆಳಗ ಇರಾಂವ. ಕೆಳಗಿದ್ದಾಂವಗ ಎಲ್ಲಾ ಕಾಣ್ತದ. ನನ್ನ ಮಗನ ತಂದು ನನ್ನ ಕೈಯಾಗ ಒಪ್ಪಿಸಬೇಕು ನೋಡು."

"ಒಪ್ಪಿಸ್ತೇನ್ರೀ ಅವ್ವಾರ" ಎಂದೆ. ಬೇರೆ ಏನು ಅನ್ನಲಿ? ಆದರೆ ಅಂದ ಕ್ಷಣದಿಂದ ಆ ಮಾತು ಮರಳಿ ಬರುವ ತನಕ ನನ್ನನ್ನು ಬಿಡಲಿಲ್ಲ.

ನಾಕಾದ ಜವಾನ ನಮ್ಮ ಸಾಮಾನೆಲ್ಲ ಬಿಚ್ಚಿಸಿದ. ನನ್ನ ಉಳಿ, ಬಾಚಿ, ಕೈಗರಗಸ ನೋಡಿ ಸುಮ್ಮನಿದ್ದವನು ತಗಡಿನ ಡಬ್ಬಿ ನೋಡಿ ನಿಂತ.

"ಇದರಾಗ ಏನದರೀ?"

"ಕಡಕ್ ರೊಟ್ಟಿ. ಶೇಂಗಾ ಹಿಂಡಿ."

"ರೊಟ್ಟಿ ಎಲ್ಲಿಗಿ ಹೊಂಟಾವ?"

"ವಿಲಾಯತಿಗಿ."

ಅವನು ನನ್ನ ಮುಖ ನೋಡಿದ, ಗೌಡರ ಬೂಟು ನೋಡಿದ, ಒಂದು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡು ಅಡ್ಡಗೋಲು ಎತ್ತಿದ.

ಹಡಗಿನಲ್ಲಿ

ಹಡಗಿನ ಬಗ್ಗೆ ನಾನು ಹೆಚ್ಚು ಹೇಳಲಾರೆ, ಯಾಕೆಂದರೆ ಅರ್ಧ ದಾರಿ ಮಲಗಿಯೇ ಇದ್ದೆ. ಉಳಿದರ್ಧ ದಾರಿ ಬಾಗಿಲುಗಳ ಸಂದು ಎಣಿಸುತ್ತ ತಿರುಗಾಡಿದೆ. ಕೈಗೆ ಕೆಲಸವಿಲ್ಲದ ಬಡಿಗನಷ್ಟು ಕೆಟ್ಟ ಪ್ರಯಾಣಿಕ ಇನ್ನೊಬ್ಬನಿಲ್ಲ. ಗೌಡರು ಮಾತ್ರ ಖುಷಿಯಾಗಿದ್ದರು. ಡೆಕ್ಕಿನ ಮೇಲೆ ಕುರ್ಚಿ ಹಾಕಿಸಿ, ತೊಡೆಯ ಮೇಲೆ ವಿಮಾನದ ನಕಾಶೆ ಹರವಿಕೊಂಡು, ಗಾಳಿಗೆ ಅದು ಹಾರಿಹೋಗದಂತೆ ನನ್ನ ಬಾಚಿಯನ್ನು ಮೇಲಿಟ್ಟು ಓದುತ್ತಿದ್ದರು.

ಒಂದು ಮುಂಜಾನೆ ಅವರು ಡೆಕ್ಕಿನ ಮೂಲೆಯಲ್ಲಿ ಕೂತು, ಇಷ್ಟಲಿಂಗವನ್ನು ಎಡಗೈಯಲ್ಲಿ ಹಿಡಿದು ಪೂಜೆ ಮಾಡುತ್ತಿದ್ದರು. ಹಡಗು ಓಲಾಡಿದಂತೆ ಅವರೂ ಓಲಾಡುತ್ತಿದ್ದರು, ಕಣ್ಣು ಮಾತ್ರ ಅಂಗೈ ಬಿಟ್ಟು ಕದಲಲಿಲ್ಲ. ಒಬ್ಬ ಮುದುಕ ಸಾಹೇಬ ಬಹಳ ಹೊತ್ತು ದೂರ ನಿಂತು ನೋಡಿದ. ಪೂಜೆ ಮುಗಿದ ಮೇಲೆ ಹತ್ತಿರ ಬಂದು, ಟೋಪಿ ತೆಗೆದು, ಗಂಟೆ ಎಷ್ಟಾಯಿತು ಎಂದು ಕೇಳಿದ. ಗೌಡರು ನಗದೆ ಕಿಸೆಯಿಂದ ನಿಜವಾದ ಗಡಿಯಾರ ತೆಗೆದು ನೋಡಿ ಹೇಳಿದರು. ಅವನು ಹೋದ ಮೇಲೆ ನಾವಿಬ್ಬರೂ ನಕ್ಕು ನಕ್ಕು ಸಾಕಾದೆವು. ಆ ಇಡೀ ಪ್ರಯಾಣದಲ್ಲಿ ನಾನು ಮನಸ್ಸು ಬಿಚ್ಚಿ ನಕ್ಕಿದ್ದು ಅದೊಂದೇ ಸಲ.

ಇಂಗ್ಲೆಂಡಿನ ಮಟಕಿ

ನಾವು ಇಳಿದ ಹಳ್ಳಿಯ ಹೆಸರು ನನ್ನ ನಾಲಿಗೆಗೆ ಕೊನೆಗೂ ಹೊಂದಲಿಲ್ಲ. ಸಣ್ಣ ಊರು, ಸುತ್ತ ಹೊಲ, ಊರ ಮುಂದೆ ಒಂದು ಬಾವಿ. ಗೌಡರು ಮೊದಲ ದಿನವೇ, "ನಮ್ಮ ಮಟಕಿ ಇದ್ದಂಗ ಅದ ಬಿಡು" ಎಂದರು. ಮಟಕಿ ಆಳಂದದ ಕಡೆಯ ಒಂದು ಹಳ್ಳಿ. ಅಂದಿನಿಂದ ನಮ್ಮಿಬ್ಬರ ನಡುವೆ ಅದು ಮಟಕಿಯೇ ಆಯಿತು. ಜೋಳ ಇಲ್ಲ, ಬಿಸಿಲಿಲ್ಲ, ಒಬ್ಬರನ್ನೊಬ್ಬರು ಕೂಗಿ ಕರೆಯುವ ದನಿ ಇಲ್ಲ. ಉಳಿದಂತೆ ಮಟಕಿಯೇ.

ವಿಮಾನದ ಶೆಡ್ಡು ಪಾರ್ಕರ್ ಸಾಹೇಬರದು. ಐವತ್ತು ದಾಟಿದ ಮನುಷ್ಯ. ಅಪ್ಪನ ಗಿರಣಿಗಳನ್ನು ಮಾರಿ ವಿಮಾನದ ಹಿಂದೆ ಬಿದ್ದಿದ್ದರು. ಶನಿವಾರ ಬಂದರೆ ಸಾಕು, ಆ ಬಯಲಿಗೆ ಕಾರುಗಳು ಬಂದು ನಿಲ್ಲುತ್ತಿದ್ದವು. ಡಾಕ್ಟರು, ಬಿಸ್ಕೀಟು ಕಾರಖಾನೆಯ ಮಾಲೀಕ, ಯಾವುದೋ ಜಮೀನುದಾರನ ಮಗ. ಎಲ್ಲರೂ ತೋಳು ಮಡಚಿ, ಮೊಣಕೈತನಕ ಅಂಟು ಮೆತ್ತಿಕೊಂಡು ತಮ್ಮ ತಮ್ಮ ವಿಮಾನ ಕಟ್ಟುತ್ತಿದ್ದರು. ನಮ್ಮ ಕಡೆ ಗೌಡನಾದವನು ಉಳಿ ಹಿಡಿದರೆ ನೋಡಿದವರು ಬಡಿಗನಿಗೇ ಬೈಯುತ್ತಾರೆ. ಇಲ್ಲಿ ಸಾಹುಕಾರರು ನನ್ನ ಹತ್ತಿರ ಬಂದು, ಮರ ನಯ ಮಾಡುವ ರಂಧ ಹೊಡೆಯುವ ರೀತಿ ತೋರಿಸು ಎಂದು ಕೈಸನ್ನೆ ಮಾಡುತ್ತಿದ್ದರು. ಅವರು ಹೊಡೆದ ರಂಧ ನೋಡಿ ಮಾತ್ರ ನನಗೆ ಅಳು ಬರುತ್ತಿತ್ತು.

ಎರಡನೇ ದಿನ ಊಟಕ್ಕೆಂದು ಡಬ್ಬಿ ಬಿಚ್ಚಿ ಕೆಲಸದ ಮೇಜಿನ ಮೇಲೆ ಒಂದು ಕಡಕ್ ರೊಟ್ಟಿ ಇಟ್ಟಿದ್ದೆ. ಪಾರ್ಕರ್ ಸಾಹೇಬರು ಅದನ್ನು ಎತ್ತಿ, ಬೆಳಕಿಗೆ ಹಿಡಿದು, ಬೆರಳಿನಿಂದ ತಟ್ಟಿ, ಎರಡು ಕೈಯಲ್ಲಿ ಮೆಲ್ಲನೆ ಬಗ್ಗಿಸಿದರು. ಪಟ್ಟನೆ ಮುರಿಯಿತು. ಇದು ಯಾವ ಮರದ ಹಲಗೆ, ಇಷ್ಟು ಹಗುರ ಇದೆ, ಆದರೆ ಬಾಗುವುದಿಲ್ಲವಲ್ಲ ಎಂದು ಗೌಡರನ್ನು ಕೇಳಿದರು. ಜೋಳದ್ದು ಎಂದು ಗೌಡರು ಹೇಳಿದರು. ಸಾಹೇಬರು ಅದನ್ನು ಪುಸ್ತಕದಲ್ಲಿ ಬರೆದುಕೊಂಡರು.

ನಾವಿದ್ದದ್ದು ಮಿಸೆಸ್ ಬೆಲ್ ಎಂಬ ವಿಧವೆಯ ಮನೆಯಲ್ಲಿ. ಮಾಂಸ ತಿನ್ನುವುದಿಲ್ಲ ಎಂದು ಹೇಳಿದ್ದಕ್ಕೆ ಆಕೆ ಮೂರು ಹೊತ್ತೂ ಬೇಯಿಸಿದ ಆಲೂಗಡ್ಡೆ ಕೊಟ್ಟಳು. ಕೊಡುವಾಗೆಲ್ಲ 'ಸಾರಿ' ಅನ್ನುತ್ತಿದ್ದಳು. ಬಾಗಿಲಿಗೆ ಅಡ್ಡ ಬಂದರೆ ಸಾರಿ, ಮಳೆ ಬಂದರೂ ಸಾರಿ. ನಮ್ಮ ಕಡೆ ತಪ್ಪು ಮಾಡಿದವರೂ ಇಷ್ಟು ಸಲ ಅನ್ನುವುದಿಲ್ಲ.

ವಿಮಾನದ ಮರ ನನಗೆ ಹಿಡಿಸಲಿಲ್ಲ. ಸ್ಪ್ರೂಸ್ ಎಂದು ಅದರ ಹೆಸರು. ಬೆಳ್ಳಗೆ, ನೇರ ಎಳೆ, ಎತ್ತಿದರೆ ಎತ್ತಿದ್ದೇ ಗೊತ್ತಾಗುವುದಿಲ್ಲ. ಜಾಲಿ, ಸಾಗವಾನಿ ಕಡಿದು ಬೆಳೆದ ಕೈ ನನ್ನದು. ತೂಕವಿಲ್ಲದ ಮರವನ್ನು ನಂಬಿ ಒಬ್ಬ ಮನುಷ್ಯ ಮೇಲೆ ಹೋಗುತ್ತಾನೆ ಎಂದರೆ ಹೇಗೆ ಒಪ್ಪಲಿ? ರೆಕ್ಕೆಯ ಒಂದೊಂದು ಪಟ್ಟಿ ಅಂಟಿಸುವಾಗಲೂ ಕಂಬದ ಹತ್ತಿರ ನಿಂತ ಅವ್ವ ಕಣ್ಣಿಗೆ ಬರುತ್ತಿದ್ದರು.

ಒಂದು ದಿನ ಕೇಳಿಯೇಬಿಟ್ಟೆ. "ಗೌಡ್ರ, ನಿಮಗ ಏನು ಕಡಿಮಿ ಆಗ್ಯಾದ ಅಂತ ಇದರಾಗ ಕೂಡ್ತೀರಿ?"

ಗೌಡರು ಪಟ್ಟಿಗಳಿಗೆ ವಾರ್ನಿಷು ಬಳಿಯುತ್ತಿದ್ದರು. ಕೈ ನಿಲ್ಲಿಸಲಿಲ್ಲ. "ಊರಾಗ ನಾ ಎಲ್ಲಿ ಹೋದ್ರೂ ಮಂದಿ ಎದ್ದು ನಿಂದರ್ತಾರ ಮೋನಪ್ಪ. ನಾ ಬರ್ತೇನಿ ಅಂದ್ರ ಮಾತು ನಿಂದರ್ತದ, ನಗೂದು ನಿಂದರ್ತದ. ಮ್ಯಾಲ ಹೋದಾಗ ಯಾರೂ ಇರಂಗಿಲ್ಲ. ಯಾರೂ ಎದ್ದು ನಿಂದ್ರಂಗಿಲ್ಲ. ಅಲ್ಲಿ ನಾ ಒಬ್ಬ ಬರೇ ಚನ್ನಬಸಪ್ಪ."

ನಾನು ಇನ್ನೊಂದು ಪಟ್ಟಿಗೆ ಅಂಟು ಬಳಿದೆ.

ಎಂಟನೇ ದಿನ

ಎಂಟನೇ ದಿನ ಬಿಸ್ಕೀಟು ಕಾರಖಾನೆಯ ಮಾಲೀಕ ತನ್ನ ವಿಮಾನ ಎತ್ತಿದ. ಅವನೇ ಎರಡು ಚಳಿಗಾಲ ಕೂತು ಕಟ್ಟಿದ್ದು. ಚೆನ್ನಾಗಿಯೇ ಏರಿತು. ಚರ್ಚಿನ ಆಚೆ ತಿರುಗುವಾಗ ಮೂಗು ಕೆಳಗಾಯಿತು. ಕೆಳಗಾದ ಮೂಗು ಮತ್ತೆ ಮೇಲೇಳಲಿಲ್ಲ. ಮರ ಮುರಿದ ಸದ್ದು ನಮಗೆ ಬಯಲಿನ ಈಚೆ ತನಕ ಕೇಳಿತು. ನಾವು ಓಡಿ ಹೋಗುವಷ್ಟರಲ್ಲಿ ಜೀವ ಇರಲಿಲ್ಲ.

ಎಲ್ಲರೂ ಟೋಪಿ ತೆಗೆದು ನಿಂತರು. ಯಾರೂ ಕೂಗಲಿಲ್ಲ, ಯಾರೂ ಎದೆ ಬಡಿದುಕೊಳ್ಳಲಿಲ್ಲ. ಅರ್ಧ ತಾಸಿನ ಮೇಲೆ ಶೆಡ್ಡಿನಲ್ಲಿ ಚಹಾ ಬಂತು. ಪಾರ್ಕರ್ ಸಾಹೇಬರು ಎರಡೇ ಮಾತು ಅಂದರು. ಏನಂದರು ಎಂದು ಕೇಳಿದೆ. "ನಸೀಬು ಅಂದ್ರು" ಎಂದರು ಗೌಡರು. ನಮ್ಮಲ್ಲಿ ಹೆಣ ಎತ್ತುವ ತನಕ ಓಣಿಯಲ್ಲಿ ಯಾರ ಮನೆಯ ಒಲೆಯೂ ಉರಿಯುವುದಿಲ್ಲ. ಇವರು ಚಹಾದಲ್ಲಿ ಸಕ್ಕರೆ ಕಲಕುತ್ತಿದ್ದರು. ನನಗೆ ಮೈಯೆಲ್ಲ ಸಿಟ್ಟು ಬಂತು. ಆಮೇಲೆ ಮನೆಗೆ ಹೋದಾಗ ನೋಡಿದೆ, ಮಿಸೆಸ್ ಬೆಲ್ ನಮಗೆ ಬೆನ್ನು ಮಾಡಿ ನಿಂತು ಆಲೂಗಡ್ಡೆ ಸುಲಿಯುತ್ತ ಅಳುತ್ತಿದ್ದಳು. ಸತ್ತವನು ಪ್ರತಿ ಹಬ್ಬಕ್ಕೂ ಆಕೆಗೆ ಒಂದು ಡಬ್ಬಿ ಬಿಸ್ಕೀಟು ಕಳಿಸುತ್ತಿದ್ದನಂತೆ. ಅವತ್ತು ಮಾತ್ರ ಆಕೆ ಸಾರಿ ಅನ್ನಲಿಲ್ಲ.

"ಊರಿಗಿ ಹೋಗಮ್ರೀ ಗೌಡ್ರ. ಸಾಕು" ಎಂದೆ.

"ಅಂವಂದು ಅಂವ ಮಾಡಿದ್ದ. ನಂದು ನೀ ಮಾಡಾಕತ್ತಿ" ಎಂದರು ಗೌಡರು.

ಇದಕ್ಕಿಂತ ಅವರು ನನ್ನ ಕೆನ್ನೆಗೆ ಒಂದು ಕೊಟ್ಟಿದ್ದರೆ ಹಗುರವಾಗುತ್ತಿತ್ತು.

ಹಾರಿದ ದಿನ

ಮುಂದಿನ ತಿಂಗಳು ವಿಮಾನ ಸಿದ್ಧವಾಯಿತು. ನೋಡಲಿಕ್ಕೆ ಚಂದ ಇತ್ತು, ಸುಳ್ಳು ಯಾಕೆ ಹೇಳಲಿ. ರೆಕ್ಕೆಯನ್ನು ಎರಡೂ ಬದಿಗೆ ಆಧಾರದ ಕೋಲಿಗೆ ಬೋಲ್ಟಿನಿಂದ ಬಿಗಿದಿದ್ದೆವು. ಬೋಲ್ಟಿನ ನಟ್ಟು ಅದುರಿ ಬಿಚ್ಚಿಕೊಳ್ಳದಂತೆ ತುದಿಯ ತೂತಿಗೆ ಒಂದು ಸಣ್ಣ ಪಿನ್ನು ಹಾಕಿ ಕಾಲು ಮಡಚಬೇಕು. ಬಂಡಿಯ ಗಾಲಿ ಕಳಚದಂತೆ ಅಚ್ಚಿನ ತುದಿಗೆ ಕಡಾಣಿ ಹಾಕುವುದಿಲ್ಲವೇ, ಅದೇ ಕೆಲಸ. ಹಾಗಾಗಿ ನಾನೂ ಗೌಡರೂ ಆ ಪಿನ್ನಿಗೆ ಕಡಾಣಿ ಅಂತಲೇ ಅನ್ನುತ್ತಿದ್ದೆವು.

ಆ ಮುಂಜಾನೆ ಬಲಗಡೆಯ ಬೋಲ್ಟು ಇನ್ನೊಂದು ಸುತ್ತು ಬಿಗಿಯಲಿ ಎಂದು ಪಾರ್ಕರ್ ಸಾಹೇಬರು ಹೇಳಿದರು. ನಾನು ಪಿನ್ನು ಕಿತ್ತು ಬಿಗಿದೆ. ಕಿತ್ತ ಪಿನ್ನಿನ ಒಂದು ಕಾಲು ಮುರಿಯಿತು. ಹೊಸದು ಬೇಕು. ಅಷ್ಟರಲ್ಲಿ ಗೌಡರು ಆಗಲೇ ಒಳಗೆ ಕೂತು, ಚರ್ಮದ ಟೊಪ್ಪಿಗೆಯನ್ನು ಕಿವಿ ಮುಚ್ಚುವಂತೆ ಎಳೆದುಕೊಂಡಿದ್ದರು. ಸಾಹೇಬರು ಮುಂದೆ ಪಂಖದ ಹತ್ತಿರ ನಿಂತು ಏನೋ ಕೇಳಿದರು. ಗೌಡರು ನನ್ನ ಕಡೆ ತಿರುಗಿ ಕೂಗಿದರು.

"ಮೋನಪ್ಪಾ, ಕಡಾಣಿ!"

"ಆತ್ರೀ!" ಎಂದು ನಾನು ಕೂಗಿದೆ.

ನಮ್ಮ ಕಡೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆಯವರಿಗೆ ಹೇಳುತ್ತೇನೆ. ಕೆಲಸ ಮುಗಿದಿದ್ದರೂ ನಾವು 'ಆತ್ರಿ' ಅನ್ನುತ್ತೇವೆ. ಕೆಲಸ ಹೇಳಿದಾಗ, ಆಗಲಿ, ಮಾಡುತ್ತೇನೆ ಅನ್ನುವುದಕ್ಕೂ 'ಆತ್ರಿ' ಅನ್ನುತ್ತೇವೆ. ಕಡಾಣಿ ಹಾಕು ಎಂದು ಗೌಡರು ಹೇಳಿದರು ಅಂತ ನಾನು ತಿಳಿದೆ. ಹಾಕಿದೆಯಾ ಎಂದು ಅವರು ಕೇಳಿದ್ದರು. ನಾನು ಹೊಸ ಪಿನ್ನು ತರಲು ಶೆಡ್ಡಿಗೆ ನಡೆದೆ. ಅವರು ಸಾಹೇಬರ ಕಡೆ ಹೆಬ್ಬೆರಳು ಎತ್ತಿದರು.

ಪಿನ್ನಿನ ಡಬ್ಬಿ ಹುಡುಕುತ್ತಿದ್ದಾಗ ಎಂಜಿನ್ನಿನ ಸದ್ದು ಬಂತು. ಮೊದಲು ಬೇರೆ ಯಾರದೋ ಇರಬೇಕು ಅಂದುಕೊಂಡೆ. ಹೊರಗೆ ಬಂದಾಗ ವಿಮಾನ ಹುಲ್ಲಿನ ಮೇಲೆ ಓಡುತ್ತಿತ್ತು. ನಾನೂ ಓಡಿದೆ. "ಗೌಡ್ರ! ನಿಂದ್ರಿ! ಯಪ್ಪಾ, ನಿಂದ್ರಿ!" ಎಂದು ಬಾಯಿ ಬಡಿದುಕೊಂಡೆ. ಹುರಿದುಂಬಿಸುತ್ತಿದ್ದೇನೆ ಎಂದು ತಿಳಿದು ಸಾಹೇಬರ ಗುಂಪು ಚಪ್ಪಾಳೆ ತಟ್ಟಿತು. ವಿಮಾನ ನೆಲ ಬಿಟ್ಟಿತು.

ಎಷ್ಟು ಹೊತ್ತು ಹಾರಿದರೋ ನನಗೆ ಗೊತ್ತಿಲ್ಲ. ಹತ್ತು ನಿಮಿಷ ಎಂದು ಅವರೆಲ್ಲ ಹೇಳಿದರು. ನಾನು ಕತ್ತು ಎತ್ತಿ ಬಲ ರೆಕ್ಕೆಯನ್ನೊಂದೇ ನೋಡುತ್ತಿದ್ದೆ. ಕೈಯಲ್ಲಿದ್ದ ಪಿನ್ನು ಅಂಗೈಗೆ ಚುಚ್ಚಿ ರಕ್ತ ಬಂದದ್ದು ಆಮೇಲೆ ತಿಳಿಯಿತು. ಕೆಳಗಿದ್ದವನಿಗೆ ಕಾಣುತ್ತದೆ ಎಂದಿದ್ದರು ಅವ್ವ. ಕಾಣುತ್ತಿತ್ತು, ಆದರೆ ಕಂಡು ಮಾಡುವುದು ಏನಿತ್ತು? ವಿಮಾನ ಚರ್ಚಿನ ಮೇಲೆ ತಿರುಗಿದಾಗ ನಾನು ಕಣ್ಣು ಮುಚ್ಚಿದೆ.

ಇಳಿದರು. ಎರಡು ಸಲ ಪುಟಿದು ನಿಂತರು. ಸಾಹೇಬರೆಲ್ಲ ಓಡಿ ಹೋಗಿ ಅವರ ಕೈ ಕುಲುಕುತ್ತಿದ್ದರೆ ನಾನು ಬಲಗಡೆಯ ಬೋಲ್ಟಿಗೆ ಹೋದೆ. ನಟ್ಟು ಬೋಲ್ಟಿನ ಕೊನೆಯ ಸುತ್ತಿಗೆ ಬಂದು ನಿಂತಿತ್ತು. ಬೆರಳು ತಾಗಿಸಿದೆ, ಅಂಗೈಗೆ ಬಿತ್ತು.

ಗುಂಪು ಚದುರಿದ ಮೇಲೆ ಗೌಡರಿಗೆ ತೋರಿಸಿದೆ. ಎಲ್ಲ ಹೇಳಿದೆ. ಅವರ ಮುಖದಲ್ಲಿ ಆಗಸದ ಖುಷಿ ಇನ್ನೂ ಹಾಗೇ ಇತ್ತು.

"ನೀ ಆತ್ರಿ ಅಂದ್ಯಲ್ಲೋ."

"ಹಾಕ್ತೇನಿ ಅಂತ ಅಂದಿದ್ದೆ ರೀ."

ಅವರು ನಟ್ಟನ್ನು ತೆಗೆದುಕೊಂಡು ಬಹಳ ಹೊತ್ತು ತಿರುಗಿಸಿ ನೋಡಿದರು. ಜೋರಾಗಿ ನಕ್ಕರು. ನಗುತ್ತಲೇ ಶೆಡ್ಡಿನ ಹಿಂದಕ್ಕೆ ಹೋದರು. ಅಲ್ಲಿ ಅವರು ವಾಂತಿ ಮಾಡಿಕೊಳ್ಳುವ ಸದ್ದು ಕೇಳಿತು. ನಾನು ನೀರು ಒಯ್ದುಕೊಟ್ಟೆ. ಬಾಯಿ ತೊಳೆದುಕೊಂಡು, "ನಾಳೆ ಮತ್ತ ಹಾರ್ತೇನಿ. ಮಂದಿ ಬರಾವರು ಇದ್ದಾರ" ಎಂದರು.

ಮರುದಿನ

ಮರುದಿನ ಮಂದಿ ಬಂದಿದ್ದರು. ನಿಜಾಮ ರಾಜ್ಯದ ಜಮೀನುದಾರ ತನ್ನದೇ ವಿಮಾನ ಹಾರಿಸುತ್ತಾನೆ ಎಂದು ಯಾವುದೋ ಪೇಪರಿನವನೂ ಕ್ಯಾಮರಾ ಹಿಡಿದು ಬಂದಿದ್ದ. ನಾನು ನಸುಕಿನಿಂದ ಒಂದೊಂದು ಬೋಲ್ಟು, ಒಂದೊಂದು ತಂತಿ ಮುಟ್ಟಿ ನೋಡಿದ್ದೆ. ಎಲ್ಲ ಪಿನ್ನೂ ಇದ್ದವು. ಪಾರ್ಕರ್ ಸಾಹೇಬರೂ ನೋಡಿದ್ದರು. ಹುಡುಕಿದರೂ ಒಂದು ತಪ್ಪು ಸಿಗಲಿಲ್ಲ. ಆದರೂ ನಾನು ನಿಲ್ಲಿಸಲಿಲ್ಲ. ಮೂರನೇ ಸಲ ನೋಡಿದ ಬೋಲ್ಟನ್ನು ನೋಡಿದೆನೋ ಇಲ್ಲವೋ ಎಂದು ನಾಲ್ಕನೇ ಸಲ ಹೋಗಿ ನೋಡುತ್ತಿದ್ದೆ.

ಗೌಡರು ಬಂದು ಕೂತರು. ಟೊಪ್ಪಿಗೆ ಹಾಕಿಕೊಳ್ಳಲಿಲ್ಲ. ನನ್ನನ್ನು ಹತ್ತಿರ ಕರೆದರು. ದನಿ ಸಣ್ಣದಾಗಿತ್ತು.

"ಮೋನಪ್ಪ, ಇವತ್ತು ಸರಿಯಾಗಿ ಹೇಳು. ಹಾರ್ಲ್ಯಾ?"

ನಮ್ಮ ಅಪ್ಪ, ಅಜ್ಜ ಅವರ ಮನೆಯ ಬಂಡಿ ಮಾಡಿದವರು. ಆ ಮನೆಯ ಯಾವ ಗೌಡನೂ ನಮ್ಮ ಯಾರನ್ನೂ ಹೀಗೆ ಕೇಳಿರಲಿಲ್ಲ. ಹೂಂ ಅನ್ನಬೇಕು ಎಂದು ಅವರ ಕಣ್ಣು ಬೇಡುತ್ತಿತ್ತು. ಅದು ನನಗೆ ಕಂಡಿತು. ಕಾಣದೇ ಇದ್ದಿದ್ದರೆ ಚೆನ್ನಾಗಿತ್ತು.

"ಬ್ಯಾಡ್ರಿ" ಎಂದೆ.

"ಏನು ಕೆಟ್ಟದ?"

"ಏನೂ ಕೆಟ್ಟಿಲ್ರಿ. ಎಲ್ಲಾ ನೆಟ್ಟಗ ಅದ. ನನ್ನ ಕೈ ಮ್ಯಾಲ ನನಗ ನಂಬಿಗಿ ಹೋಗ್ಯಾದ. ನಾ ಮಾಡಿದ್ದರಾಗ ನೀವು ಕೂಡಬ್ಯಾಡ್ರಿ."

ಒಬ್ಬ ಬಡಿಗ ಇದನ್ನು ಬಾಯಿ ಬಿಟ್ಟು ಹೇಳಬಾರದು. ಹೇಳಿದ ಮೇಲೆ ಅವನು ಬಡಿಗನಾಗಿ ಉಳಿಯುವುದು ಕಷ್ಟ. ಹೇಳಿದೆ, ನಾಚಿಕೆಯಿಂದ ಸತ್ತೆ, ಆದರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಗೌಡರು ಕೆಳಗಿಳಿದರು. ಪಾರ್ಕರ್ ಸಾಹೇಬರಿಗೆ ಏನೋ ಹೇಳಿದರು. ನನ್ನ ಕಡೆ ಬೆರಳು ತೋರಿಸಿದ್ದಷ್ಟೇ ನನಗೆ ತಿಳಿದದ್ದು. ಒಂದಿಬ್ಬರು ನಕ್ಕರು. ಸಾಹೇಬರು ನಗಲಿಲ್ಲ. ಬಂದ ಮಂದಿಯನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ ಎಂದು ಗೌಡರ ಅಪ್ಪಣೆ ಕೇಳಿ ತಾವೇ ಹತ್ತಿ ಕೂತರು. ವಿಮಾನ ಏರಿತು. ಎಂಥ ಏರಿಕೆ! ಎರಡು ಸುತ್ತು, ಮೂರು ಸುತ್ತು, ಚರ್ಚಿನ ಮೇಲೆ, ಹೊಳೆಯ ಮೇಲೆ. ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಬಂದು ಇಳಿಯಿತು. ಪೇಪರಿನವನು ಸಾಹೇಬರ ಫೋಟೋ ತೆಗೆದ.

ಗೌಡರು ಬೇಲಿಯ ಹತ್ತಿರ ನಿಂತು ಮೇಲೆ ನೋಡುತ್ತಿದ್ದರು. ಆ ಮುಖ ನಾನು ಸಾಯುವ ತನಕ ಮರೆಯಲಾರೆ. ಮೇಲೆ ಬರೇ ಚನ್ನಬಸಪ್ಪನಾಗಿರುವ ಜಾಗದಲ್ಲಿ ಬೇರೊಬ್ಬರು ಸುತ್ತಾಡಿ ಬಂದಿದ್ದರು. ಅದನ್ನು ಕಸಿದುಕೊಟ್ಟವನು ನಾನು. ವಿಮಾನವನ್ನು ಅವರು ಅಲ್ಲೇ ಸಾಹೇಬರಿಗೆ ಬಿಟ್ಟುಬಂದರು. ಪೆಟ್ಟಿಗೆ ಮಾಡುವ ಮಾತು ಎತ್ತಲಿಲ್ಲ. ಮರಳಿ ಬರುವಾಗ ಹಡಗಿನಲ್ಲಿ ನನ್ನ ಕೂಡ ಮಾತಾಡಿದ್ದು ಊಟ ಆಯಿತೇ, ಸಾಮಾನು ಬಂತೇ, ಇಷ್ಟೇ. ಮುಖ ನೋಡಿ ಅಂತೂ ಒಂದು ಮಾತೂ ಆಡಲಿಲ್ಲ.

ಭೀಮಾ ದಂಡೆ

ಊರಿಗೆ ಬಂದ ದಿನ ಗೌಡರ ಪಡಸಾಲೆ ತುಂಬಿತ್ತು. ಆಳಂದದ ಮಾವ, ಜೇವರ್ಗಿಯ ಬೀಗರು, ಊರ ಹಿರಿಯರು. ಗೌಡರು ನಡುವೆ ಕೂತು ಹಾರಿದ ಕಥೆ ಹೇಳಿದರು. 'ಆತ್ರಿ' ಕಥೆಯನ್ನೂ ಹೇಳಿದರು, ನನ್ನ ದನಿಯನ್ನು ಅಣಕಿಸಿಯೇ ಹೇಳಿದರು. ಜನ ಬಿದ್ದು ಬಿದ್ದು ನಕ್ಕರು. ನಾನು ಬಾಗಿಲ ಹತ್ತಿರ ನಿಂತು ನಕ್ಕೆ. ಅವ್ವ ಮಾತ್ರ ನಗಲಿಲ್ಲ. ಮಗನ ತೋಳನ್ನು ಹಿಡಿದುಕೊಂಡೇ ಕೂತಿದ್ದರು. ನಗು ನಿಂತ ಮೇಲೆ ಕೇಳಿದರು.

"ಅಷ್ಟು ದೂರ ಹೋಗಿ ಒಂದೇ ಸಲ ಹಾರಿದ್ಯೇನೋ ಅಪ್ಪಾ? ಮತ್ತ ಹಾರಲಿಲ್ಲ?"

ಗೌಡರು ಕೆಳಗೆ ನೋಡಿದರು.

"ಗಾಳಿ ಇತ್ತವ್ವ" ಎಂದರು. "ಮರುದಿನ ಭಾಳ ಗಾಳಿ ಬಿಟ್ಟಿತ್ತು."

ಅವ್ವ ಮಗನನ್ನು ಬಿಟ್ಟು ನನ್ನ ಕಡೆ ತಿರುಗಿದರು. "ಹೌದೇನೋ ಮೋನಪ್ಪಾ?"

ಆ ದಿನ ಆ ಬಯಲಿನಲ್ಲಿ ಒಂದು ಹುಲ್ಲುಕಡ್ಡಿಯೂ ಅಲುಗಿರಲಿಲ್ಲ.

"ಹೌದ್ರೀ ಅವ್ವಾರ" ಎಂದೆ. "ಭಾಳ ಗಾಳಿ ಇತ್ರಿ. ನೆಲದ ಮ್ಯಾಲ ನಿಂದ್ರಾಕೂ ಆಗ್ತಿರಲಿಲ್ರಿ."

ಗೌಡರು ತಲೆ ಎತ್ತಿ ನನ್ನ ಮುಖ ನೋಡಿದರು.